ಆರನೇ ಮಹಡಿಯ ಎಂಟು ಹಾಳೆಗಳು

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 9.20. ಗುನ್ಸಾನ್ ಬಂದರು ಠಾಣೆಗೆ ಬಂದ ದೂರನ್ನು ಇನ್‌ಸ್ಪೆಕ್ಟರ್ ಗೂ ಹ್ಯೊನ್‌ಸುಕ್ ಎರಡು ಸಲ ಓದಿದರು. ಅರ್ಥವಾಗಲಿಲ್ಲ. ದೂರುದಾರ ಸೊಕ್ ಮಿನ್‌ಗ್ಯು, ಆಸ್ಪತ್ರೆಗಳಿಗೆ ಯಂತ್ರ ಮಾರುವ ಕಂಪನಿಯೊಂದರ ತಂತ್ರಜ್ಞ.

"ನಿಮ್ಮ ಯಂತ್ರ ಚೆನ್ನಾಗಿದೆ ಅಂತ ಆಸ್ಪತ್ರೆಯವ್ರು ವರದಿ ಬರ್ದಿದ್ದಾರೆ. ಅದಕ್ಕೆ ದೂರು ಕೊಡ್ತಿದ್ದೀರಾ?"

"ಹೌದು ಮೇಡಂ."

"ತಲೆ ಸರಿ ಇದೆ ತಾನೇ?"

"ನಮ್ಮ ಮ್ಯಾನೇಜರೂ ಇದನ್ನೇ ಕೇಳಿದ್ರು."

ಹಾಸಿಗೆಯ ಕೆಳಗಿಡುವ ಯಂತ್ರವದು. ರೋಗಿ ಏಳಲು ಹೊರಟರೆ ನರ್ಸ್‌ಗಳ ಮೇಜಿನ ಮೇಲೆ ಗಂಟೆ ಬಾರಿಸುತ್ತದೆ. ವಯಸ್ಸಾದವರು ಬೀಳುವುದು ತಪ್ಪಲಿ ಎಂದು. ಕೊಳ್ಳುವ ಮೊದಲು ಆಸ್ಪತ್ರೆಯ ಮೌಲ್ಯಮಾಪನ ವಿಭಾಗ ಮೂರು ತಿಂಗಳು ಅದನ್ನು ಪರೀಕ್ಷಿಸಿತ್ತು. ಆರನೇ ಮಹಡಿಯಲ್ಲಿ ಯಂತ್ರವಿತ್ತು, ಐದನೆಯದರಲ್ಲಿ ಇರಲಿಲ್ಲ. ಐದರಲ್ಲಿ ಹದಿನಾಲ್ಕು ಮಂದಿ ಬಿದ್ದಿದ್ದರು, ಆರರಲ್ಲಿ ಐದೇ ಮಂದಿ. ಈ ವರದಿಯನ್ನು ನಂಬಿ ಇನ್ನೂ ಮೂರು ಆಸ್ಪತ್ರೆಗಳು ಯಂತ್ರ ಕೊಳ್ಳಲು ಸಿದ್ಧವಾಗಿದ್ದವು.

"ಯಂತ್ರದೊಳಗೇ ದಾಖಲೆ ಇರುತ್ತೆ ಮೇಡಂ," ಎಂದ ಸೊಕ್. "ತೊಂಬತ್ತು ದಿನದಲ್ಲಿ ಐವತ್ತೆರಡು ದಿನ ಪ್ಲಗ್ಗೇ ಕಿತ್ತಿಟ್ಟಿದ್ರು. ಆಫ್ ಆಗಿರೋ ಯಂತ್ರ ಯಾರನ್ನ ಕಾಪಾಡುತ್ತೆ? ಇದನ್ನ ನಂಬಿ ರಾತ್ರಿಪಾಳಿಯ ನರ್ಸ್‌ಗಳನ್ನ ಇಬ್ಬರಿಂದ ಒಬ್ಬರಿಗೆ ಇಳಿಸ್ತಾರಂತೆ. ನಾಳೆ ಯಾರಾದ್ರೂ ಬಿದ್ದು ಸತ್ರೆ ಮೊದಲು ಹಿಡಿಯೋದು ನನ್ನ ಕುತ್ತಿಗೆ."

10.05ಕ್ಕೆ ಎಫ್‌ಐಆರ್ ದಾಖಲಾಯಿತು: ದಾಖಲೆ ತಿದ್ದಿದ ಆರೋಪ. ಆರೋಪಿಯ ಹೆಸರಿನ ಜಾಗ ಖಾಲಿ ಉಳಿಯಿತು.

ಮೊದಲ ಅನುಮಾನ ವರದಿಗೆ ಸಹಿ ಹಾಕಿದ ಡಾ. ತಾಕ್ ಯೊಂಗ್‌ಜು ಮೇಲೆ. ಮೌಲ್ಯಮಾಪನ ವಿಭಾಗದ ಮುಖ್ಯಸ್ಥರಾದ ಅವರು ಕಪಾಟು ತೆರೆದು ಹಾಳೆಗಳನ್ನೆಲ್ಲ ಮುಂದಿಟ್ಟರು.

"ಯಾರೇ ಬಿದ್ರೂ ನರ್ಸ್ ಒಂದು ಹಾಳೆ ತುಂಬಬೇಕು. ಆರನೇ ಮಹಡಿಯಿಂದ ಐದು ಬಂತು, ಐದು ಎಣಿಸ್ದೆ."

"ಕಂಪನಿಯವರ ಜೊತೆ ಊಟಗೀಟ?"

"ಅವರ ಕಾಫಿನೂ ಕುಡಿದಿಲ್ಲ. ಸತ್ಯ ಹೇಳ್ಲಾ ಮೇಡಂ? ಈ ಯಂತ್ರ ಬೇಡ ಅಂತಾನೇ ಬರೀತೀನಿ ಅಂದ್ಕೊಂಡಿದ್ದೆ. ಅಂಕಿ ನೋಡಿ ನನಗೇ ಗೊಂದಲ ಆಯ್ತು."

ಮಧ್ಯಾಹ್ನ ಆರನೇ ಮಹಡಿಯಲ್ಲಿ ಗೊಂದಲ ಇನ್ನೂ ಹೆಚ್ಚಿತು. ಪ್ಲಗ್ ಕಿತ್ತಿದ್ದು ಯಾರೆಂದು ಕೇಳಿದರೆ ನರ್ಸ್‌ಗಳೆಲ್ಲ ಒಂದೇ ಹೆಸರು ಹೇಳಿದರು: ಮುಖ್ಯ ನರ್ಸ್ ಬಾನ್ ಒಕ್‌ಸೊನ್. ಬಾನ್ ಅಲ್ಲಗಳೆಯಲಿಲ್ಲ.

"ರೋಗಿ ಮಗ್ಗುಲು ಬದಲಿಸಿದ್ರೂ ಬಡ್ಕೊಳ್ಳುತ್ತೆ. ನಮ್ಮ ಹುಡುಗೀರು ಓಡೋದಾ, ಔಷಧಿ ಕೊಡೋದಾ? ಕಿತ್ತೆ."

ಹೊರಗೆ ಬಂದ ಮೇಲೆ ಗೂ ಹಣೆ ಒತ್ತಿಕೊಂಡರು. "ಮಾರೋನಿಗೆ ಹೊಗಳಿಕೆ ಬೇಡ. ಡಾಕ್ಟರಿಗೆ ಯಂತ್ರ ಬೇಡ. ನರ್ಸ್‌ಗೂ ಬೇಡ. ಹಾಗಾದ್ರೆ ಸುಳ್ಳು ಹೇಳಿದ್ದು ಯಾರು, ಆ ಯಂತ್ರಾನೇನಾ?"

ನಿವೃತ್ತಿಗೆ ಎಂಟು ತಿಂಗಳಿದ್ದ ಕಾನ್‌ಸ್ಟೆಬಲ್ ಪ್ಯೋ ಗಿಲ್ನಾಮ್ ನಿಧಾನವಾಗಿ ಹೇಳಿದರು: "ನಮ್ಮತ್ತೆ ಆಸ್ಪತ್ರೇಲಿ ಬಿದ್ದಾಗ ಮೊದಲು ಎಕ್ಸ್‌ರೇಗೆ ಕಳಿಸಿದ್ರು ಮೇಡಂ. ಹಾಳೆ ಆಮೇಲೆ."

ಮಾರ್ಚ್ 12, ಬೆಳಿಗ್ಗೆ 11. ಎಕ್ಸ್‌ರೇ ವಿಭಾಗದ ದಾಖಲೆಗಳ ಪ್ರಕಾರ ಆ ಮೂರು ತಿಂಗಳಲ್ಲಿ ಆರನೇ ಮಹಡಿಯಲ್ಲಿ ಬಿದ್ದು ಎಕ್ಸ್‌ರೇಗೆ ಬಂದವರು ಹದಿಮೂರು ಮಂದಿ. ಎಂಟು ಹಾಳೆಗಳು ಕಾಣೆಯಾಗಿದ್ದವು. ಹಾಳೆಗಳನ್ನು ಸಂಗ್ರಹಿಸಿ ಮೌಲ್ಯಮಾಪನ ವಿಭಾಗಕ್ಕೆ ಕಳಿಸುತ್ತಿದ್ದವರು ಬಾನ್ ಒಬ್ಬರೇ.

2.15ಕ್ಕೆ ಇಬ್ಬರು ಸಾಕ್ಷಿಗಳ ಮುಂದೆ ಬಾನ್ ಅವರ ಲಾಕರ್ ತೆರೆದು ಪಂಚನಾಮೆ ಮಾಡಲಾಯಿತು. ಎಂಟೂ ಹಾಳೆಗಳು ಒಂದು ಲಕೋಟೆಯಲ್ಲಿದ್ದವು. ಅದರ ಕೆಳಗೆ ಹಿಂದಿನ ವರ್ಷದ್ದೊಂದು ಲಕೋಟೆ, ಅದರ ಕೆಳಗೆ ಅದಕ್ಕೂ ಹಿಂದಿನದು.

ಗೂ ಆ ಲಕೋಟೆಗಳನ್ನೇ ನೋಡುತ್ತ ನಿಂತರು. ಯಂತ್ರ ಈ ಆಸ್ಪತ್ರೆಗೆ ಬರುವ ಎಷ್ಟೋ ಮೊದಲೇ ಹಾಳೆಗಳು ಕಾಣೆಯಾಗುತ್ತಿದ್ದವು.

"ಯಾಕೆ?" ಎಂದು ಪಕ್ಕದಲ್ಲಿದ್ದ ಬಾನ್ ಅವರನ್ನು ಕೇಳಿದರು.

"ಎರಡು ವರ್ಷದ ಹಿಂದೆ ಇಲ್ಲೊಬ್ಬ ಅಜ್ಜ ಬಿದ್ರು," ಎಂದರು ಬಾನ್. "ಪಾಳಿಯಲ್ಲಿದ್ದ ಹುಡುಗಿಯಿಂದ ಕ್ಷಮಾಪಣೆ ಬರೆಸಿ, ಎಲ್ಲರ ಮುಂದೆ ಓದಿಸಿದ್ರು. ಓದ್ತಾ ಓದ್ತಾ ಅವಳ ದನಿ ನಿಂತೇ ಹೋಯ್ತು. ಮಾರನೇ ದಿನ ಬರ್ಲಿಲ್ಲ, ಇವತ್ತಿಗೂ ಬಂದಿಲ್ಲ. ಅವತ್ತಿಂದ ಕೆಲವು ಹಾಳೆ ನನ್ನ ಹತ್ರಾನೇ ಉಳ್ಕೊಂಡವು. ಹರಿಯೋಕೆ ಮಾತ್ರ ಮನಸ್ಸು ಬರ್ಲಿಲ್ಲ."

"ಇದರಲ್ಲಿ ನಾಮ್ ಅಂತ ಒಬ್ಬ ಅಜ್ಜಿಯ ಹಾಳೆ ಇದೆ. ಎಂಬತ್ತೊಂದು ವರ್ಷ. ಸೊಂಟದ ಮೂಳೆ ಮುರಿದಿದೆ. ಮನೆಯವರಿಗೆ ಏನಂದ್ರಿ?"

"ವಯಸ್ಸಾಯ್ತು, ಮೂಳೆ ತಾನಾಗೇ ಮುರೀತು ಅಂದೆ. ಅವರ ಮಗಳು ನನಗೆ ಕೈ ಮುಗಿದು ಹೋದ್ಲು."

"ನಿಮ್ಮ ಈ ಹಾಳೆಗಳಿಂದ ಯಂತ್ರಕ್ಕೆ ಒಳ್ಳೇ ಹೆಸರು ಬಂತು. ಅದರ ಮೇಲೆ ರಾತ್ರಿಪಾಳಿಯಿಂದ ನಿಮ್ಮ ಹುಡುಗೀರಲ್ಲೇ ಒಬ್ಬರನ್ನ ತೆಗೀತಿದ್ರು. ಗೊತ್ತಿತ್ತಾ?"

"ಇಲ್ಲ. ಆ ವರದೀನ ನಾನು ಓದೇ ಇಲ್ಲ ಮೇಡಂ. ಅದು ಯಂತ್ರದ ವಿಷಯ ಅಂದ್ಕೊಂಡೆ."

3.40ಕ್ಕೆ ಬಂಧನವಾಯಿತು. ಪಾಳಿ ಬದಲಾಗುವ ಹೊತ್ತು; ನರ್ಸ್‌ಗಳು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ಒಬ್ಬಳು ಅಳುತ್ತಿದ್ದಳು.

ಮರುದಿನ ತಾಕ್ ಮತ್ತೆ ಎಣಿಸಿದರು: ಐದರಲ್ಲಿ ಹದಿನಾಲ್ಕು, ಆರರಲ್ಲಿ ಹದಿಮೂರು. ವರದಿ ಹಿಂತೆಗೆದುಕೊಂಡರು. ರಾತ್ರಿಪಾಳಿಯಲ್ಲಿ ಇಬ್ಬರೂ ಉಳಿದರು.

ಆರೋಪಪಟ್ಟಿಯಲ್ಲಿ ಅಪರಾಧದ ಉದ್ದೇಶ ಬರೆಯುವ ಜಾಗಕ್ಕೆ ಬಂದಾಗ ಗೂ ಪೆನ್ನು ಕೆಳಗಿಟ್ಟರು. ಕೊನೆಗೆ "ಕೈಕೆಳಗಿನ ನರ್ಸ್‌ಗಳಿಗೆ ಅವಮಾನವಾಗಬಾರದೆಂದು" ಎಂದು ಬರೆದರು. ಕೆಳಗಿನ ಸಾಲಿನಲ್ಲಿ ನಾಮ್ ಅಜ್ಜಿಯ ಮಗಳ ಹೆಸರನ್ನೂ ವಿಳಾಸವನ್ನೂ ಬರೆದು, ತಾಯಿ ಬಿದ್ದೇ ಮೂಳೆ ಮುರಿದದ್ದೆಂದು ತಾವೇ ಹೋಗಿ ತಿಳಿಸಲು ಹೊರಟರು.