ಹೊಟ್ಟೆ ಬರಿದಾದ ಹನ್ನೊಂದು ಗಿಟಾರು

ಮಂಗಳವಾರ ಬೆಳಿಗ್ಗೆ 9.40ಕ್ಕೆ ಬಂದ ದೂರು ಕೇಳಿ ದಫೇದಾರರಿಗೆ ನಗು ತಡೆಯಲಾಗಲಿಲ್ಲ. ಹನ್ನೊಂದು ಎಲೆಕ್ಟ್ರಿಕ್ ಬಾಸ್ ಗಿಟಾರುಗಳಿದ್ದ ಮನೆಗೆ ಕಳ್ಳ ನುಗ್ಗಿದ್ದಾನೆ, ಒಂದನ್ನೂ ಒಯ್ದಿಲ್ಲ!

“ಮತ್ತೆ ಹೋಗಿದ್ದೇನ್ರಿ?” ಇನ್‌ಸ್ಪೆಕ್ಟರ್ ಕೇಳಿದರು.

“ಒಳಗಿನ ಸರ್ಕ್ಯೂಟು ಸಾರ್, ಹನ್ನೊಂದೂ,” ಎಂದ ದೂರು ತಂದಿದ್ದ ಗಿಟಾರ್ ವಾದಕ. “ತೀರಿಕೊಂಡ ನಮ್ಮಣ್ಣ ಒಂದೊಂದಕ್ಕೂ ಬೇರೆ ಬೇರೆ ಮಾಡಿಕೊಟ್ಟಿದ್ದು. ಅದಿಲ್ದಿದ್ರೆ ಅವು ಬರೀ ಕಟ್ಟಿಗೆ.”

ಎಫ್‌ಐಆರ್ ದಾಖಲಾಯಿತು. 11.15ಕ್ಕೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ಹಿಂದಿನ ದಿನವಿಡೀ ವಾದಕ ಪಾಠ ಹೇಳಲು ಹೋಗಿದ್ದ. ಗಿಟಾರುಗಳು ಗೋಡೆಯುದ್ದಕ್ಕೂ ಸಾಲಾಗಿ, ಏನೂ ಆಗಿಲ್ಲವೆಂಬಂತೆ ನಿಂತಿದ್ದವು. ಬೆನ್ನಿನ ಮುಚ್ಚಳ ಬಿಚ್ಚಿದರೆ ಒಳಗೆ ಖಾಲಿ ಕುಳಿ. ವೈರು ಕತ್ತರಿಸಿರಲಿಲ್ಲ, ಬೆಸುಗೆಯನ್ನು ಒಂದೊಂದಾಗಿ ಕರಗಿಸಿ ಬಿಡಿಸಲಾಗಿತ್ತು. ದಫೇದಾರರ ನಗು ಅಲ್ಲಿಗೆ ನಿಂತಿತು.

“ಗಂಟೆಗಟ್ಟಲೆ ಕೂತು ಮಾಡಿದ ಕೆಲಸ ಸಾರ್ ಇದು. ಯಾವನೋ ಹಟ ತೊಟ್ಟಿದ್ದಾನೆ.”

ಇನ್‌ಸ್ಪೆಕ್ಟರ್ ಕಣ್ಣು ಟೇಬಲ್ ಫ್ಯಾನಿನ ಮೇಲಿತ್ತು. ಅದು ಕೆಲಸದ ಮೇಜಿಗೆ ಬೆನ್ನು ಹಾಕಿ, ಹೊಗೆಯನ್ನು ಹೊರಗೆ ತಳ್ಳುವ ಹಾಗೆ ತೆರೆದ ಕಿಟಕಿಯತ್ತ ಮುಖ ಮಾಡಿತ್ತು.

“ಹೀಗಿಟ್ಟಿದ್ದು ಯಾರು?”

“ನಾನಲ್ಲ. ಬೆಸುಗೆ ಹಾಕೋವಾಗ ಅಣ್ಣ ಕಿಟಕಿನೇ ತೆಗೀತಿರಲಿಲ್ಲ, ಗಾಳಿಗೆ ಬೆಸುಗೆ ಕೆಡುತ್ತೆ ಅಂತ.”

ಆ ಮೇಜಿನ ಬಳಿಯೇ ಅಣ್ಣನ ಮಗಳು ನಿಂತಿದ್ದಳು, ಇಪ್ಪತ್ತಾರರ ಹೆಣ್ಣು. ಅವಳಿಗೆ ಕೆಮ್ಮು ಬಂತು. ಬಂದದ್ದು ಬೇಗ ನಿಲ್ಲಲಿಲ್ಲ.

“ಅಣ್ಣ ನಕ್ಷೆ ಬರೆದಿಟ್ಟಿಲ್ಲ ಸಾರ್. ಹಳೇದನ್ನ ನೋಡ್ಕೊಂಡೇ ಇವಳು ಹೊಸದು ಮಾಡ್ತಾಳೆ. ಥೇಟ್ ಅಪ್ಪನ ಕೈ!” ವಾದಕ ಹೆಮ್ಮೆಯಿಂದ ಹೇಳಿದ.

“ಎಷ್ಟು ದಿನದಿಂದಮ್ಮ ಈ ಕೆಮ್ಮು?”

“ಎರಡು ತಿಂಗಳು.”

“ನಿಮ್ಮಪ್ಪ ಹೇಗೆ ತೀರಿಕೊಂಡ್ರು?”

ಅವಳು ವಾದಕನ ಮುಖ ನೋಡಿದಳು. “ಶ್ವಾಸಕೋಶ ಹೋಗಿತ್ತು. ಬೆಸುಗೆ ಹೊಗೆ ಅಂದ್ರು ಡಾಕ್ಟ್ರು. ಚಿಕ್ಕಪ್ಪ ನಂಬಲ್ಲ.”

“ಮನೆಗೆ ಎಷ್ಟು ಕೀಲಿ?”

“ಎರಡು. ಒಂದು ಅತ್ತಿಗೆ ಹತ್ರ ಇದೆ,” ಎಂದ ವಾದಕ ತಕ್ಷಣ ಸೇರಿಸಿದ: “ಛೇ, ಅವರಿಗೆ ಇದರ ಗಂಧಗಾಳಿ ಇಲ್ಲ ಸಾರ್.”

ಮಧ್ಯಾಹ್ನ 3.20. ಎರಡು ಬೀದಿಯಾಚೆಯ ಮನೆಯಲ್ಲಿ ಬಾಗಿಲು ತೆರೆದ ಅತ್ತಿಗೆ, ಕೇಳುವ ಮೊದಲೇ ಮಂಚದಡಿಯಿಂದ ತಗಡಿನ ಪೆಟ್ಟಿಗೆ ಎಳೆದರು. ಹತ್ತಿಯಲ್ಲಿ ಸುತ್ತಿದ ಹನ್ನೊಂದು ಸರ್ಕ್ಯೂಟು. ಅವರ ತೋರುಬೆರಳಿನಲ್ಲಿ ಹೊಸ ಸುಟ್ಟಗಾಯ.

“ಈ ಕೆಲಸ ಎಲ್ಲಿ ಕಲಿತ್ರಿ?”

“ಇಪ್ಪತ್ತೆರಡು ವರ್ಷ ಅವರ ಪಕ್ಕ ದೀಪ ಹಿಡ್ಕೊಂಡು ನಿಂತಿದ್ದೀನಿ ಸಾರ್.”

“ಯಾಕೆ ಮಾಡಿದ್ರಿ?”

“ಗಂಡನ್ನ ಕಳ್ಕೊಂಡೆ. ಬೇಡ ಬೇಡ ಅಂದ್ರೂ ಮೈದುನ ನನ್ನ ಮಗಳನ್ನ ಅದೇ ಮೇಜಿಗೆ ಕೂರಿಸಿದ. ಅವಳೂ ನನ್ನ ಮಾತು ಕಿವಿಗೆ ಹಾಕ್ಕೊಳ್ಳಲಿಲ್ಲ. ನೋಡ್ಕೊಂಡು ಮಾಡೋಕೆ ಮಾದರಿನೇ ಇಲ್ದಿದ್ರೆ ಏನು ಮಾಡ್ತಾಳೆ? ಹೆದರಿಕೆ ಸಾರ್ ನನಗೆ. ಅವಳು ಕೆಮ್ಮಿದ್ರೆ ಅವರೇ ಕೆಮ್ಮಿದ ಹಾಗಾಗುತ್ತೆ.”

“ಒಡೆದು ಬಿಸಾಕಬಹುದಿತ್ತಲ್ಲ ತಾಯಿ?” ದಫೇದಾರರು ಮೆಲ್ಲಗೆ ಕೇಳಿದರು.

“ಅವರು ಕೈಯಾರೆ ಮಾಡಿದ್ದು. ಮನಸ್ಸು ಬರಲಿಲ್ಲ.”

4.05ಕ್ಕೆ ದಸ್ತಗಿರಿ. ಠಾಣೆಯಲ್ಲಿ ಜಪ್ತಿ ಪಂಚನಾಮೆ ಬರೆಯುವಷ್ಟರಲ್ಲಿ ವಾದಕ ಎದ್ದುಬಿದ್ದು ಓಡಿಬಂದ.

“ದೂರು ವಾಪಸ್ ತಗೋತೀನಿ ಸಾರ್, ಪೆಟ್ಟಿಗೆ ಕೊಟ್ಬಿಡಿ!”

“ಇನ್ನು ಅದು ಕೋರ್ಟಿನ ವಶ. ಕೇಸ್ ಮುಗೀಬೇಕು. ವರ್ಷಗಳೇ ಹಿಡೀಬಹುದು.”

ಅತ್ತಿಗೆ ತಲೆ ಎತ್ತಿದರು. “ಅಲ್ಲೀವರೆಗೂ ಯಾರ ಕೈಗೂ ಕೊಡಲ್ವಾ?”

“ಕೊಡಲ್ಲಮ್ಮ.”

“ಹಾಗಾದ್ರೆ ಎಲ್ಲಿ ಸೈನ್ ಹಾಕ್ಬೇಕು ತೋರಿಸಿ,” ಎಂದು ಅವರು ಪೆನ್ನು ತೆಗೆದುಕೊಂಡರು.