ಶಿವಗಂಗವ್ವನ ರೇಷ್ಮೆ ಸೀರೆ

ನಾನು ಬನಹಟ್ಟಿಯ ನೇಕಾರ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹೀಗೆ.

ಹುನ್ನೂರಿನ ಮುದುಕಿ ಶಿವಗಂಗವ್ವ ಬಸುರಿ ಮೊಮ್ಮಗಳ ಕುಬಸಕ್ಕೆಂದು ಅಪ್ಪಟ ರೇಷ್ಮೆ ಸೀರೆ ಹೇಳಿದ್ದಳು. ನಾನು ನೇಯ್ದು ಕೊಟ್ಟದ್ದು ಹಾಸು, ಹೊಕ್ಕು ಎರಡೂ ನಕಲಿ ನೂಲಿನದು. ಒಂದೆಳೆ ಸುಟ್ಟರೆ ಗೊತ್ತಾಗುತ್ತದೆ. ಅಸಲಿ ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ. ಸೀರೆ ಕೊಡುವಾಗ, ಬೇಕಾದರೆ ಸುಟ್ಟು ನೋಡು ಎಂಬಂತೆ ನಾನೇ ಕಡ್ಡಿಪೆಟ್ಟಿಗೆ ಮುಂದಿಟ್ಟೆ. "ನಿನ್ನ ಮ್ಯಾಲ ನಂಬಿಕಿ ಐತಿ ತಮ್ಮಾ" ಎಂದು ಅವಳು ಅದನ್ನು ಮುಟ್ಟಲಿಲ್ಲ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸೀರೆ ತಂದಳು. ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಗಂಟಿನೊಳಗೆ ಏನೋ ಪಟಪಟ ಬಡಿಯುತ್ತಿತ್ತು.

"ಇದರಾಗ ಪಾತರಗಿತ್ತಿ ಹುಟ್ಟಾಕತ್ತಾವ. ತಗದಷ್ಟೂ ಬರ್ತಾವ."

ಬಿಚ್ಚಿದೆ. ಬಟ್ಟೆ ಬಿಸಿನೀರಿನಿಂದ ಎತ್ತಿದಂತೆ ಬೆಚ್ಚಗಿತ್ತು. ಮಡಿಕೆ ಮಡಿಕೆಯಲ್ಲೂ ಬೆಳ್ಳನೆಯ ರೇಷ್ಮೆ ಪತಂಗಗಳು, ಹಾರಲಾರದೆ ರೆಕ್ಕೆ ಬಡಿಯುತ್ತಿದ್ದವು. ಅವಕ್ಕೆ ಉಣ್ಣಲು ಬಾಯಿಲ್ಲ. ಹುಟ್ಟಿ, ಮೊಟ್ಟೆಯಿಟ್ಟು ಸಾಯುತ್ತವೆ. ನೂಲಿಗಾಗಿ ಗೂಡನ್ನು ಕುದಿಸುವಾಗಲೇ ಒಳಗಿನ ಹುಳ ಸಾಯುವುದರಿಂದ, ಅಸಲಿ ಸೀರೆಯಲ್ಲೂ ಪತಂಗ ಹುಟ್ಟುವುದಿಲ್ಲ.

"ಖರೆ ರೇಷ್ಮಿ ಇದ್ದರ ಹಿಂಗ ಆಗತೈತೇನು?" ಎಂದು ಕೇಳಿದಳು.

ತಪ್ಪು ಒಪ್ಪಿಕೊಳ್ಳಲು ಅದೇ ಹೊತ್ತಾಗಿತ್ತು. ಆದರೂ "ಹೌದವ್ವಾ, ಖರೆ ರೇಷ್ಮಿಗಿ ಹಿಂಗ ಆಗತೈತಿ" ಎಂದುಬಿಟ್ಟೆ.

ಮುದುಕಿ ಮುಖ ಅರಳಿಸಿ, ಸೀರೆ ಎದೆಗವಚಿಕೊಂಡು ಹೋದಳು.

ಗಂಟು ಬಿಚ್ಚಿದಾಗ ಅದರ ಸೆರಗಿನಿಂದ ಕಿತ್ತಿಟ್ಟುಕೊಂಡಿದ್ದ ಎಳೆಯನ್ನು ಸುಟ್ಟೆ. ಪ್ಲಾಸ್ಟಿಕ್ಕಿನಂತೆ ಕರಗಿ ಕರಿಮಣಿಯಾಯಿತು, ನಕಲಿಯೇ. ಕೂದಲು ಸುಟ್ಟ ವಾಸನೆ ಬಂದದ್ದು ಬೆಂಕಿ ತಾಗದ ನನ್ನ ಕೈಯಿಂದ.

ಎರಡು ವರ್ಷವಾಯಿತು, ಎಷ್ಟು ತೊಳೆದರೂ ಕೈಯ ಆ ನಾತ ಹೋಗಿಲ್ಲ. ಹೆಂಡತಿ ಇಂದಿಗೂ ನಾನು ಬಡಿಸಿದ್ದನ್ನು ಉಣ್ಣುವುದಿಲ್ಲ.