ಇಸಿಜಿಗೆ ಸಿಗದ ಪ್ರೀತಿ

ಅಲ್ಲ, ಪ್ರೀತಿ ಇದೆಯೋ ಇಲ್ಲವೋ ಎಂದು ಯಾರಾದರೂ ಇಸಿಜಿ ಮಾಡಿ ನೋಡುತ್ತಾರೆಯೇ? ಆಸ್ಪತ್ರೆಯ ಇಸಿಜಿ ಟೆಕ್ನಿಷಿಯನ್ ಹುಡುಗಿ ನೋಡಿದಳು!

ಮಂಚದ ಮೇಲೆ ಮಲಗಿದ್ದವನು ಸೈಕಲ್ ರಿಪೇರಿಯವನು. ಜ್ವರವೊಂದು ಬಂದು ಹೋಗುವಾಗ ಅವನ ಹೃದಯವನ್ನು ಹಿಂಡಿ ಹಾಕಿತ್ತು. ಟೈರಿಗೆ ಗಾಳಿ ಹೊಡೆದರೂ ಏದುಸಿರು. ತಪಾಸಣೆಗೆ ಬಂದಾಗಲೆಲ್ಲ ಏನಾದರೊಂದು ಹೇಳಿ ಅವಳನ್ನು ನಗಿಸುತ್ತಿದ್ದ. ಅವಳು ನಕ್ಕು ತಿರುಗಿದರೆ ಮಾತ್ರ ಥಟ್ಟನೆ ಸೂರು ನೋಡುತ್ತಿದ್ದ. ಆ ಸೂರಿನಲ್ಲಿ ಅಂಥದ್ದೇನಿತ್ತೋ!

ಸೋದರತ್ತೆ ತಂದ ಮದುವೆ ಸಂಬಂಧಕ್ಕೆ ಅವಳು ಅಂದು ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಕೊನೆಯ ತಂತಿಯನ್ನು ಅವನ ಎದೆಗೆ ಅಂಟಿಸಿ, ಕೈಯನ್ನು ಬೇಕೆಂದೇ ಒಂದು ಗಳಿಗೆ ಅಲ್ಲೇ ಇಟ್ಟಳು.

“ನಂಗೆ ಮದುವೆ ಗೊತ್ತಾಗೋ ಹಾಗಿದೆ.”

“ಓ... ಒಳ್ಳೇದಾಯ್ತು,” ಎಂದ ಅವನು, ಸೂರಿಗೆ.

ಪರದೆಯ ಮೇಲಿನ ಗೆರೆ ಒಂದಿಷ್ಟೂ ಹೆಚ್ಚುಕಡಿಮೆಯಾಗಲಿಲ್ಲ. ಅದೇ ಗತಿ, ಅದೇ ಅಂತರ. ಹುಡುಗಿಗೆ ಅಳುವೇ ಬಂತು.

ವರದಿ ಕೊಡಲು ಹೋದಾಗ ಅವಳ ಕೆಂಪು ಮೂಗು ಕಂಡ ಹೃದಯದ ಡಾಕ್ಟರಮ್ಮ ಸುಮ್ಮನೆ ಬಿಡಲಿಲ್ಲ, ಬಾಯಿ ಬಿಡಿಸಿದರು. ಕೇಳಿ ಹಣೆ ಚಚ್ಚಿಕೊಂಡರು.

“ನಿನ್ನ ಬುದ್ಧಿ ಎಲ್ಲಿಗೆ ಹೋಯ್ತೇ? ಹೃದಯ ಸೋತಾಗ ನರಗಳು ಹಗಲೂ ರಾತ್ರಿ ‘ಓಡು, ಓಡು’ ಅಂತ ಕೂಗ್ತಾನೇ ಇರ್ತವೆ. ‘ನಿಧಾನ’ ಅನ್ನೋ ನರದ ದನಿ ಉಡುಗಿರುತ್ತೆ. ಕೇಳಿ ಕೇಳಿ ಹೃದಯಕ್ಕೆ ಕಿವಿ ಮಂದ. ಸಾಲದ್ದಕ್ಕೆ ಆ ಕೂಗು ತಡೆಯೋಕೆ ನಾನೇ ಮಾತ್ರೆ ಕೊಟ್ಟಿದೀನಿ. ಖುಷಿ ಆದ್ರೂ ದುಃಖ ಆದ್ರೂ ಬಡಿತ ಅಷ್ಟಾಗಿ ಬದಲಾಗಲ್ಲ. ಅದನ್ನ ನೋಡಿ ಅವನ ಮನಸ್ಸು ಅಳೀತೀಯಾ?”

“ಮತ್ತೆ ಹೇಗೆ ತಿಳ್ಕೊಳ್ಳೋದು?”

“ಬಾಯಿಲ್ವಾ? ಕೇಳು ಹೋಗು!”

ಓಡಿದಳು. ಅವನಿನ್ನೂ ಗೇಟಿನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ, ಅಂಗಿಯ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಂಡು.

“ನಾನಂದ್ರೆ ನಿಮಗೇನು? ಮೇಲೆ ನೋಡ್ಬೇಡಿ, ಇಲ್ಲಿ ಸೂರಿಲ್ಲ.”

ಅವನು ತಬ್ಬಿಬ್ಬಾದ. “ಏನ್ ಹೇಳ್ಲಿ? ತಪಾಸಣೆ ದಿನ ಎದೆ ಕೂದಲಿಗೂ ಬಾಚಣಿಗೆ ಹಾಕ್ಕೊಂಡು ಬರ್ತೀನಿ. ಅಷ್ಟು ಹುಚ್ಚು ನಿಮ್ಮ ಮೇಲೆ. ಆದ್ರೆ ರೀ, ಇಂಥಾ ಹೃದಯ ಇಟ್ಕೊಂಡು ಯಾವ ಬಾಯಲ್ಲಿ ನಿಮ್ಮನ್ನ ಕೇಳ್ಲಿ?”

ಬಾಚಣಿಗೆಯ ಮಾತಿಗೆ ಅವಳಿಗೆ ನಗು, ಉಳಿದದ್ದಕ್ಕೆ ಕಣ್ಣೀರು, ಎರಡೂ ಒಟ್ಟಿಗೇ ಬಂದವು. “ಚೇತರಿಸ್ಕೊಳ್ತಿದೆ ಅಂತ ಡಾಕ್ಟ್ರಮ್ಮ ಹೇಳಿಲ್ವಾ? ಪೂರ್ತಿ ಗುಣ ಆಗದಿದ್ರೂ ನಂಗೆ ನೀವೇ ಬೇಕು. ಆ ಸಂಬಂಧ ಬೇಡ ಅಂತ ಅತ್ತೆಗೆ ಈಗ್ಲೇ ಫೋನ್ ಮಾಡ್ತೀನಿ.”

ಅವನು ಮೆಲ್ಲಗೆ ಅವಳ ಕೈ ಹಿಡಿದ. ಬೆರಳು ಮಣಿಕಟ್ಟಿಗೆ ತಾಗಿದ್ದೇ ತಡ, ಗಾಬರಿಯಾದ.

“ಅಯ್ಯೋ, ನಿಮ್ಮ ನಾಡಿ ಏನ್ರೀ ಹೀಗೆ ಓಡ್ತಿದೆ!”

“ಓಡ್ಲಿ ಬಿಡಿ,” ಎಂದಳು ಅವಳು. “ನಿಮ್ದು ಮತ್ತೆ ಕಲಿಯೋವರೆಗೂ ಇಬ್ಬರ ಪಾಲಿಂದೂ ನನ್ನದೇ ಓಡುತ್ತೆ.”